ಪಂಡಿತಾ ರಮಾಬಾಯಿ

ಪಶ್ಚಿಮ ಘಟ್ಟದ ದಟ್ಟವಾದ ಕಾಡಿನ ನಡುವೆ ಗಂಗಾಮೂಲವೆಂಬ ಸ್ಥಳವಿದೆ. ತುಂಗಾ, ಭದ್ರಾ, ನೇತ್ರಾವತಿ ನದಿಗಳು ಹುಟ್ಟುವ ತಾಣ ಅದು. ಹತ್ತೊಂಬತ್ತನೆಯ ಶತಮಾನದ ನಡುಗಾಲದಲ್ಲಿ ಅನಂತಶಾಸ್ತ್ರಿ ಡೋಂಗ್ರೆ ಎಂಬ ವಿದ್ವಾಂಸರು ಆ ಕಾಡಿನಲ್ಲಿ ಆಶ್ರಮವೊಂದನ್ನು ಕಟ್ಟಿಕೊಂಡು ವಾಸವಾಗಿದ್ದರು. ಘಟ್ಟದ ಕೆಳಗಿನ, ಕಾರ್ಕಳಕ್ಕೆ ಸಮೀಪದ ಮಾಳ ಗ್ರಾಮ ಅವರ ಹುಟ್ಟೂರು. ಊರನ್ನು ಬಿಟ್ಟು ಅವರು ಕಾಡನ್ನು ಸೇರಿದುದಕ್ಕೆ ಒಂದು ಕಾರಣವಿತ್ತು. ತಮ್ಮ ಪತ್ನಿಗೆ ಸಂಸ್ಕೃತವನ್ನು ಕಲಿಸಬೇಕೆಂಬುದು ಅವರ ಸಂಕಲ್ಪವಾಗಿತ್ತು. ಹೆಂಗಸರು ಅಕ್ಷರ ಕಲಿಯುವುದನ್ನೇ ಸಹಿಸದಿದ್ದ ಆ ಕಾಲದಲ್ಲಿ ಅದಕ್ಕೆ ಊರಿನಲ್ಲಿ ಎಡೆಯಿರಲಿಲ್ಲ.

ಅನಂತಶಾಸ್ತ್ರಿಗಳಲ್ಲಿ ಈ ಸಂಕಲ್ಪ ಮೂಡಿದುದು ಅವರ ವಿದ್ಯಾರ್ಥಿದೆಸೆಯಲ್ಲಿ. ಗುರುಗಳೊಡನೆ ಎರಡನೆಯ ಬಾಜಿರಾಯ ಪೇಶ್ವೆಯ ಅರಮನೆಗೆ ಹೋಗುತ್ತಿದ್ದಾಗ ಅಲ್ಲಿನ ರಾಣಿಯು ಸಂಸ್ಕೃತ ಶ್ಲೋಕಗಳನ್ನು ಹೇಳುವುದನ್ನು ಅವರು ಕೇಳಿದ್ದರು. ಹೆಣ್ಣು ಇಷ್ಟು ಚೆನ್ನಾಗಿ ಕಲಿಯಬಲ್ಲಳೆಂದ ಮೇಲೆ ಎಲ್ಲ ಹೆಣ್ಣುಮಕ್ಕಳೂ ಏಕೆ ಕಲಿಯಬಾರದು ಎಂಬ ಪ್ರಶ್ನೆ ಅಂದಿನಿಂದ ಅವರನ್ನು ಬಿಡಲಿಲ್ಲ. ಪತ್ನಿ ಲಕ್ಷ್ಮೀಬಾಯಿ ಅವರಿಂದ ಕಲಿತು ವಿದುಷಿಯಾದರು. ಈ ದಂಪತಿಗಳ ಕಿರಿಯ ಮಗಳಾಗಿ 1858ನೆಯ ಇಸವಿ ಏಪ್ರಿಲ್ 23ರಂದು ಗಂಗಾಮೂಲದಲ್ಲಿ ರಮಾಬಾಯಿ ಜನಿಸಿದರು. ಮುಂದೆ ಅವರು ಭಾರತದಾದ್ಯಂತ ಪಂಡಿತಾ ರಮಾಬಾಯಿ ಎಂದು ಪ್ರಸಿದ್ಧರಾದರು.

ರಮಾಬಾಯಿ ಆರು ತಿಂಗಳ ಕೂಸಾಗಿದ್ದಾಗಲೇ ಕುಟುಂಬ ಆಶ್ರಮವನ್ನು ತೊರೆಯಬೇಕಾಯಿತು. ಅತಿಥಿಸತ್ಕಾರದಲ್ಲಿ ಇದ್ದ ಹಣವೆಲ್ಲ ಕರಗಿಹೋಗಿತ್ತು. ಎಳೆಯ ಮಗುವನ್ನು ಬೆತ್ತದ ಬುಟ್ಟಿಯಲ್ಲಿರಿಸಿ ಹೊತ್ತುಕೊಂಡು ಅವರು ತೀರ್ಥಯಾತ್ರೆಗೆ ಹೊರಟರು. ಅಂದಿನಿಂದ ಆ ಕುಟುಂಬಕ್ಕೆ ನೆಲೆಯಾದ ಮನೆಯೆಂಬುದು ಇರಲಿಲ್ಲ. ಪುಣ್ಯಕ್ಷೇತ್ರಗಳಲ್ಲಿ ಪುರಾಣ ಹೇಳುವುದು, ಕೇಳಿದವರು ಕೊಟ್ಟುದರಲ್ಲಿ ಬದುಕುವುದು, ಮತ್ತೆ ಮುಂದಿನ ಕ್ಷೇತ್ರಕ್ಕೆ ನಡೆಯುವುದು, ಹೀಗೆ ಕಾಲ ಸಾಗಿತು. ತಾಯಿಯೇ ರಮಾಬಾಯಿಗೆ ಗುರು. ದಾರಿಯ ಛತ್ರಗಳೇ ಪಾಠಶಾಲೆ. ಬಾಲಕಿ ಭಾಗವತವನ್ನು ಕಂಠಪಾಠ ಮಾಡಿದಳು. ವ್ಯಾಕರಣ ಮತ್ತು ಕಾವ್ಯಗಳನ್ನು ಕಲಿತಳು. ಮರಾಠಿ, ಕನ್ನಡ, ಹಿಂದೂಸ್ಥಾನಿ ಭಾಷೆಗಳು ತಿರುಗಾಟದಲ್ಲಿಯೇ ಅವಳಿಗೆ ಒಲಿದವು.

1874ರ ಸುಮಾರಿಗೆ ದಕ್ಷಿಣದ ಸೀಮೆಯಲ್ಲಿ ಈ ಕುಟುಂಬ ಘೋರವಾದ ಕ್ಷಾಮಕ್ಕೆ ಸಿಲುಕಿತು. ಬೇಡುವುದನ್ನು ಅರಿಯದ, ಕೂಲಿಯ ಅಭ್ಯಾಸವಿಲ್ಲದ ಕುಟುಂಬ ಎಲೆಗಳನ್ನು ತಿಂದು ದಿನ ಕಳೆಯಿತು. ಮೊದಲು ತಂದೆ, ಕೆಲವೇ ವಾರಗಳಲ್ಲಿ ತಾಯಿ, ಅನಂತರ ಅಕ್ಕ ತೀರಿಕೊಂಡರು. ತಾಯಿಯ ಶವವನ್ನು ಹೊರಲು ನಾಲ್ಕು ಹೆಗಲುಗಳು ದೊರೆಯಲಿಲ್ಲ. ಕನಿಕರಗೊಂಡ ಇಬ್ಬರು ಮಾತ್ರ ಮುಂದೆ ಬಂದರು. ಮೂರನೆಯವನಾಗಿ ಅಣ್ಣ ಶ್ರೀನಿವಾಸ, ನಾಲ್ಕನೆಯವರಾಗಿ ರಮಾಬಾಯಿ ಚಟ್ಟಕ್ಕೆ ಕೈಕೊಟ್ಟರು. ಉಳಿದವರಿಗಿಂತ ಕುಳ್ಳಾಗಿದ್ದ ಆಕೆ ತನ್ನ ಪಾಲಿನ ಭಾರವನ್ನು ತಲೆಯ ಮೇಲೆ ಹೊತ್ತು ಸ್ಮಶಾನದವರೆಗೆ ನಡೆದರು. ದಿಕ್ಕಿಲ್ಲದವರ ಪಾಡು ಏನೆಂಬುದನ್ನು ರಮಾಬಾಯಿ ಗ್ರಂಥಗಳಿಂದ ಕಲಿಯಲಿಲ್ಲ. ಈ ನಡಿಗೆಯಲ್ಲಿ ಕಲಿತರು.

ಉಳಿದ ಅಣ್ಣತಂಗಿಯರು ದೇಶದ ಉದ್ದಗಲಕ್ಕೂ ಕಾಲ್ನಡಿಗೆಯಲ್ಲಿ ಅಲೆದು 1878ರಲ್ಲಿ ಕಲ್ಕತ್ತೆಯನ್ನು ಸೇರಿದರು. ಇಪ್ಪತ್ತು ವರ್ಷದ ತರುಣಿಯೊಬ್ಬಳು ಸಂಸ್ಕೃತದಲ್ಲಿ ನಿರರ್ಗಳವಾಗಿ ಮಾತನಾಡುವುದನ್ನು ಕಂಡು ಅಲ್ಲಿನ ವಿದ್ವಾಂಸರು ಬೆರಗಾದರು. ಆಕೆಯನ್ನು ಪರೀಕ್ಷಿಸಿ ಪಂಡಿತಾ ಮತ್ತು ಸರಸ್ವತಿ ಎಂಬ ಬಿರುದುಗಳನ್ನು ನೀಡಿ ಗೌರವಿಸಿದರು. ಕೀರ್ತಿ ಬಂದರೂ ಸುಖ ನಿಲ್ಲಲಿಲ್ಲ. 1880ರಲ್ಲಿ ಅಣ್ಣ ತೀರಿಕೊಂಡನು. ಅದೇ ವರ್ಷ ರಮಾಬಾಯಿ ಬಂಗಾಳಿ ವಕೀಲರಾದ ವಿಪಿನ್ ಬಿಹಾರಿ ಮೇಧಾವಿಯವರನ್ನು ಜಾತಿಯ ಕಟ್ಟನ್ನು ಮೀರಿ ವಿವಾಹವಾದರು. 1881ರಲ್ಲಿ ಮಗಳು ಮನೋರಮಾ ಹುಟ್ಟಿದಳು. 1882ರಲ್ಲಿ ಪತಿ ಕಾಲರಾ ರೋಗದಿಂದ ಮರಣ ಹೊಂದಿದರು. ಇಪ್ಪತ್ತಮೂರನೆಯ ವಯಸ್ಸಿನಲ್ಲಿ ರಮಾಬಾಯಿ ಹಸುಗೂಸಿನೊಡನೆ ಒಂಟಿಯಾದರು.

ಅವರು ಮೂಲೆಯನ್ನು ಸೇರಲಿಲ್ಲ. ಪುಣೆಗೆ ಬಂದು ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. ಆ ವರ್ಷ ಸರಕಾರ ನೇಮಿಸಿದ್ದ ಹಂಟರ್ ಶಿಕ್ಷಣ ಆಯೋಗದ ಮುಂದೆ ಹಾಜರಾಗಿ, ಹೆಣ್ಣುಮಕ್ಕಳಿಗೆ ಕಲಿಸಲು ಶಿಕ್ಷಕಿಯರೂ ಅವರ ರೋಗಗಳಿಗೆ ಮದ್ದು ನೀಡಲು ವೈದ್ಯೆಯರೂ ಬೇಕೆಂದು ವಾದಿಸಿದರು. ತಾವೇ ವೈದ್ಯೆಯಾಗಬೇಕೆಂಬ ಆಸೆಯೂ ಮೂಡಿತು. ಸ್ತ್ರೀಧರ್ಮನೀತಿ ಎಂಬ ಮರಾಠಿ ಪುಸ್ತಕವನ್ನು ಬರೆದು, ಅದರಿಂದ ಬಂದ ಹಣದಲ್ಲಿ 1883ರಲ್ಲಿ ಮಗಳೊಡನೆ ಇಂಗ್ಲೆಂಡಿಗೆ ಪಯಣಿಸಿದರು.

ಇಂಗ್ಲೆಂಡಿನ ವಾಂಟೇಜ್ ಎಂಬ ಊರಿನಲ್ಲಿ ಕ್ರೈಸ್ತ ಸಂನ್ಯಾಸಿನಿಯರು ಅವರಿಗೆ ಆಶ್ರಯವಿತ್ತರು. ಹೊರಡುವಾಗ ಧರ್ಮಾಂತರದ ಯೋಚನೆ ಅವರಲ್ಲಿರಲಿಲ್ಲ. ಅವರ ಮನಸ್ಸು ತಿರುಗಿದುದು ಧರ್ಮೋಪದೇಶದಿಂದಲ್ಲ, ಒಂದು ಮನೆಯನ್ನು ನೋಡಿದುದರಿಂದ. ಲಂಡನ್ನಿನ ಫುಲ್‌ಹ್ಯಾಮ್‌ನಲ್ಲಿ ಆ ಸಂನ್ಯಾಸಿನಿಯರು ದಾರಿತಪ್ಪಿದವರೆಂದು ಲೋಕ ದೂರವಿಟ್ಟ ಹೆಂಗಸರಿಗಾಗಿ ಆಶ್ರಯವೊಂದನ್ನು ನಡೆಸುತ್ತಿದ್ದರು. ಅಲ್ಲಿ ಆ ಹೆಂಗಸರನ್ನು ಯಾರೂ ಹೀಯಾಳಿಸುತ್ತಿರಲಿಲ್ಲ. ಕೆಲಸ ಕಲಿಸಿ, ಮರ್ಯಾದೆಯಿಂದ ನಡೆಸಿಕೊಳ್ಳುತ್ತಿದ್ದರು. ಪತಿತರಿಗೆ ದಂಡನೆಯನ್ನಷ್ಟೇ ಕಂಡಿದ್ದ ರಮಾಬಾಯಿಗೆ ಇದು ಹೊಸದಾಗಿ ತೋರಿತು. ಇಂತಹ ಕರುಣೆಗೆ ಮೂಲವೇನೆಂದು ಅವರು ವಿಚಾರಿಸಿದರು. ಯೇಸು ಕ್ರಿಸ್ತನು ಬಾವಿಯ ಬಳಿಯಲ್ಲಿ ಸಮಾರ್ಯದ ಹೆಂಗಸಿನೊಡನೆ ಮಾತನಾಡಿದ ಕಥೆಯನ್ನು ಯೋಹಾನನ ಸುವಾರ್ತೆಯಲ್ಲಿ ಓದಿದರು. ಸಮಾಜ ಹೊರಗಿಟ್ಟವಳೊಡನೆ ಆತನು ಗೌರವದಿಂದ ನಡೆದುಕೊಂಡ ರೀತಿ ಅವರ ಹೃದಯವನ್ನು ತಟ್ಟಿತು. 1883ರ ಸೆಪ್ಟೆಂಬರ್ 29ರಂದು ತಾಯಿ ಮಗಳಿಬ್ಬರೂ ದೀಕ್ಷಾಸ್ನಾನವನ್ನು ಪಡೆದು ಕ್ರೈಸ್ತರಾದರು.

ದೀಕ್ಷೆಯನ್ನು ಪಡೆದರೂ ರಮಾಬಾಯಿ ತಮ್ಮ ವಿವೇಚನೆಯನ್ನು ಯಾರಿಗೂ ಒಪ್ಪಿಸಲಿಲ್ಲ. ಧರ್ಮಗುರುಗಳು ಹೇಳಿದರೆಂಬ ಮಾತ್ರಕ್ಕೆ ಯಾವುದನ್ನೂ ಅವರು ಅಂಗೀಕರಿಸಲಿಲ್ಲ. ಬೈಬಲನ್ನು ತಾವೇ ಓದಿ ತೂಗಿ ನೋಡಿದರು. ಶಿಲುಬೆಯ ಮೇಲೆ ಭಾರತೀಯರಿಗೆ ಅರ್ಥವಾಗದ ಲ್ಯಾಟಿನ್ ಬರಹ ಏಕಿರಬೇಕು, ಸಂಸ್ಕೃತ ಏಕಿರಬಾರದು ಎಂದು ಪ್ರಶ್ನಿಸಿದರು. ಚೆಲ್ಟನ್‌ಹ್ಯಾಮ್‌ನ ಮಹಿಳಾ ಕಾಲೇಜಿನಲ್ಲಿ ವಿದ್ಯಾಭ್ಯಾಸ ಮಾಡುತ್ತಲೇ ಸಂಸ್ಕೃತವನ್ನು ಕಲಿಸುತ್ತಿದ್ದಾಗ, ಆಕೆ ಗಂಡಸರಿಗೆ ಪಾಠ ಹೇಳಬಾರದೆಂದು ಬಿಷಪ್ಪರು ಅಭಿಪ್ರಾಯಪಟ್ಟರು. ಸ್ತ್ರೀಯರೂ ಪುರುಷರೂ ಕೂಡಿದ್ದ ಸಭೆಗಳಲ್ಲಿ ಭಾರತದಲ್ಲಿಯೇ ಮಾತನಾಡಿ ಬಂದಿದ್ದ ರಮಾಬಾಯಿ ಈ ನಿರ್ಬಂಧವನ್ನು ನೇರವಾಗಿ ಆಕ್ಷೇಪಿಸಿದರು. ಅವರು ಸಸ್ಯಾಹಾರವನ್ನು ಬಿಡಲಿಲ್ಲ, ಸೀರೆಯನ್ನು ಬಿಡಲಿಲ್ಲ. ಕ್ರಿಸ್ತನನ್ನು ಅನುಸರಿಸುವುದಕ್ಕೆ ಪರದೇಶದ ಉಡುಗೆತೊಡುಗೆಗಳನ್ನು ಅನುಕರಿಸುವ ಅಗತ್ಯವಿಲ್ಲವೆಂಬುದು ಅವರ ದೃಢವಾದ ನಂಬಿಕೆಯಾಗಿತ್ತು.

ಕಿವಿ ಮಂದವಾಗುತ್ತ ಬಂದುದರಿಂದ ವೈದ್ಯೆಯಾಗುವ ಆಸೆ ಕೈಗೂಡಲಿಲ್ಲ. 1886ರಲ್ಲಿ ತಮ್ಮ ಬಂಧುವಾದ ಆನಂದೀಬಾಯಿ ಜೋಶಿಯವರು ವೈದ್ಯಪದವಿಯನ್ನು ಪಡೆಯುವ ಸಮಾರಂಭಕ್ಕೆಂದು ಅವರು ಅಮೆರಿಕೆಯ ಫಿಲಡೆಲ್ಫಿಯಾಕ್ಕೆ ಹೋದರು. ಅಲ್ಲಿಯೇ ಉಳಿದು ಊರೂರು ಸುತ್ತಿ, ಭಾರತದ ಬಾಲವಿಧವೆಯರ ಸ್ಥಿತಿಯನ್ನು ಕುರಿತು ಉಪನ್ಯಾಸಗಳನ್ನು ನೀಡಿದರು. ಮೇಲ್ಜಾತಿಯ ಹಿಂದೂ ಸ್ತ್ರೀಯರ ಬಾಳನ್ನು ಕುರಿತು ಅವರು ಬರೆದ ಇಂಗ್ಲಿಷ್ ಗ್ರಂಥ 1887ರಲ್ಲಿ ಪ್ರಕಟವಾಗಿ ಸಾವಿರಾರು ಓದುಗರನ್ನು ತಲುಪಿತು. ಬಾಸ್ಟನ್ ನಗರದಲ್ಲಿ ಅವರ ಹೆಸರಿನಲ್ಲಿಯೇ ಒಂದು ಸಂಘ ಏರ್ಪಟ್ಟು, ಭಾರತದಲ್ಲಿ ವಿಧವೆಯರ ಶಾಲೆಯೊಂದಕ್ಕೆ ಹತ್ತು ವರ್ಷಗಳ ಕಾಲ ನೆರವು ನೀಡಲು ಒಪ್ಪಿತು.

ರಮಾಬಾಯಿ ತಾಯ್ನಾಡಿಗೆ ಮರಳಿ, 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ಶಾರದಾ ಸದನವನ್ನು ತೆರೆದರು. ಮರುವರ್ಷ ಅದು ಪುಣೆಗೆ ಸ್ಥಳಾಂತರವಾಯಿತು. ಅದರ ಮೊದಲ ವಿದ್ಯಾರ್ಥಿನಿಯರಲ್ಲಿ ಗೋದೂಬಾಯಿ ಎಂಬ ತರುಣ ವಿಧವೆಯೊಬ್ಬರಿದ್ದರು. ಮುಂದೆ ಧೋಂಡೊ ಕೇಶವ ಕರ್ವೆಯವರು 1893ರಲ್ಲಿ ವಿವಾಹವಾದುದು ಇವರನ್ನೇ. ಶಾರದಾ ಸದನದಲ್ಲಿ ಯಾರ ಮೇಲೂ ಧರ್ಮವನ್ನು ಹೇರಬಾರದೆಂಬ ನಿಯಮವಿತ್ತು. ಹುಡುಗಿಯರು ತಮ್ಮ ತಮ್ಮ ಆಚಾರಗಳಂತೆ ಅಡುಗೆ, ಊಟ, ಪೂಜೆಗಳನ್ನು ನಡೆಸಬಹುದಾಗಿತ್ತು.

ಇಲ್ಲಿಯೇ ರಮಾಬಾಯಿಯವರ ಬಾಳಿನ ಕಠಿನವಾದ ಪರೀಕ್ಷೆ ಎದುರಾಯಿತು. ಅವರು ಪ್ರತಿದಿನ ಬೆಳಗ್ಗೆ ತಮ್ಮ ಕೊಠಡಿಯಲ್ಲಿ ಮಗಳೊಡನೆ ಪ್ರಾರ್ಥನೆ ಮಾಡುತ್ತಿದ್ದರು. ಕೊಠಡಿಯ ಬಾಗಿಲು ತೆರೆದಿರುತ್ತಿತ್ತು. ಕೆಲವು ಹುಡುಗಿಯರು ತಾವಾಗಿ ಬಂದು ಕುಳಿತುಕೊಳ್ಳತೊಡಗಿದರು. ಈ ಸುದ್ದಿ ಹರಡಿದಾಗ ಪುಣೆಯಲ್ಲಿ ದೊಡ್ಡ ಕೋಲಾಹಲವೆದ್ದಿತು. ನಂಬಿ ಕಳುಹಿಸಿದ ಮಕ್ಕಳು ತಮ್ಮ ಧರ್ಮವನ್ನು ಬಿಟ್ಟಾರೆಂಬ ಭಯ ಪೋಷಕರಿಗೆ ಸಹಜವಾಗಿಯೇ ಉಂಟಾಯಿತು. ಪತ್ರಿಕೆಗಳು ಕಟುವಾಗಿ ಟೀಕಿಸಿದವು. ಮಹಾದೇವ ಗೋವಿಂದ ರಾನಡೆ, ರಾಮಕೃಷ್ಣ ಗೋಪಾಲ ಭಂಡಾರಕರ್ ಅವರಂತಹ ಹಿತೈಷಿಗಳೂ 1893ರಲ್ಲಿ ಸಲಹಾ ಮಂಡಳಿಯನ್ನು ತೊರೆದರು. ಸುಮಾರು 25 ಹುಡುಗಿಯರನ್ನು ಮನೆಯವರು ಕರೆದುಕೊಂಡು ಹೋದರು. ಬಾಗಿಲನ್ನು ಮುಚ್ಚಿಕೊಂಡು ಪ್ರಾರ್ಥಿಸಿದ್ದರೆ ವಿವಾದ ಅಡಗುತ್ತಿತ್ತು. ಆದರೆ ತಾವು ನಂಬಿದುದನ್ನು ಬಚ್ಚಿಟ್ಟು ಬಾಳುವುದು ಅವರಿಗೆ ಸಾಧ್ಯವಾಗಲಿಲ್ಲ. ಗೆಳೆಯರನ್ನು ಕಳೆದುಕೊಂಡ ನೋವನ್ನು ನುಂಗಿ, ಉಳಿದ ಹುಡುಗಿಯರ ಪಾಲನೆಯನ್ನು ಮುಂದುವರಿಸಿದರು.

ಪುಣೆಯಿಂದ ಸುಮಾರು 55 ಕಿಲೋಮೀಟರ್ ದೂರದಲ್ಲಿ, ರೈಲುದಾರಿಯ ಪಕ್ಕದಲ್ಲಿ ಕೇಡಗಾಂವ್ ಎಂಬ ಊರಿದೆ. ಸಂಸ್ಥೆಗೆ ಸ್ವಂತ ಆದಾಯವಿರಲೆಂದು ರಮಾಬಾಯಿ ಅಲ್ಲಿ ಸುಮಾರು ನೂರು ಎಕರೆ ಜಮೀನನ್ನು ಕೊಂಡು, ಬಾವಿ ತೋಡಿಸಿ, ಹಣ್ಣಿನ ಗಿಡಗಳನ್ನು ನೆಡಿಸಿದ್ದರು. 1896ರಲ್ಲಿ ಮಧ್ಯಪ್ರಾಂತದಲ್ಲಿ ಭೀಕರವಾದ ಬರಗಾಲ ತಲೆದೋರಿತು. ಎಲೆಗಳನ್ನು ತಿಂದು ಬದುಕಿದ ದಿನಗಳ ನೆನಪು ರಮಾಬಾಯಿಯವರನ್ನು ಸುಮ್ಮನಿರಗೊಡಲಿಲ್ಲ. ಕೈಯಲ್ಲಿ ಸಾಕಷ್ಟು ಹಣವಿಲ್ಲದಿದ್ದರೂ ಅವರು ಅಲ್ಲಿಗೆ ಹೊರಟರು. ಬರಪರಿಹಾರದ ಶಿಬಿರಗಳಲ್ಲಿ ಅನಾಥ ಬಾಲಕಿಯರನ್ನು ದುರುಳರು ಮೋಸದಿಂದ ಕೊಂಡೊಯ್ಯುವುದನ್ನು ಕಂಡು ಅವರ ಮನಸ್ಸು ಕುದಿಯಿತು. ಎಲುಬಿನ ಹಂದರಗಳಾಗಿದ್ದ ಸುಮಾರು 300 ಹೆಣ್ಣುಮಕ್ಕಳನ್ನು ಅವರು ಕರೆತಂದರು.

ಆ ಹೊತ್ತಿಗೆ ಪುಣೆಯಲ್ಲಿ ಪ್ಲೇಗ್ ವ್ಯಾಪಿಸಿತ್ತು. ಅಷ್ಟು ಜನರನ್ನು ನಗರದಲ್ಲಿ ಇರಿಸಿಕೊಳ್ಳಲು ಅವಕಾಶವಿರಲಿಲ್ಲ. ಹೀಗಾಗಿ ಕೇಡಗಾಂವಿನ ಬಯಲಿನಲ್ಲಿ ಡೇರೆಗಳು ಎದ್ದವು. ಅದೇ ಮುಂದೆ ಮುಕ್ತಿ ಸದನವಾಯಿತು. ಪ್ಲೇಗ್ ಆಸ್ಪತ್ರೆಗಳಲ್ಲಿ ಸ್ತ್ರೀಯರಿಗೆ ಸರಿಯಾದ ರಕ್ಷಣೆಯಿಲ್ಲವೆಂದು ರಮಾಬಾಯಿ 1897ರಲ್ಲಿ ಪತ್ರಿಕೆಗೆ ಬರೆದರು. ಕ್ರೈಸ್ತರಾದ ಮಾತ್ರಕ್ಕೆ ಆಳುವವರ ತಪ್ಪುಗಳಿಗೆ ಅವರು ಕಣ್ಣು ಮುಚ್ಚಿಕೊಳ್ಳಲಿಲ್ಲ. 1900ರಲ್ಲಿ ಗುಜರಾತಿಗೆ ಬರ ಬಂದಾಗ ಅಲ್ಲಿಂದಲೂ ನೂರಾರು ಹೆಣ್ಣುಮಕ್ಕಳು ಬಂದು ಸೇರಿದರು. ಮುಕ್ತಿಯ ಆಶ್ರಿತರ ಸಂಖ್ಯೆ ಸುಮಾರು 1,900ಕ್ಕೆ ಏರಿತು.

ಮುಕ್ತಿಯಲ್ಲಿ ಭಕ್ತಿಗೂ ದುಡಿಮೆಗೂ ನಡುವೆ ಗೋಡೆಯಿರಲಿಲ್ಲ. ಬೆಳಗಿನ ಪ್ರಾರ್ಥನೆ ಮುಗಿದೊಡನೆ ಕೆಲಸ ಮೊದಲಾಗುತ್ತಿತ್ತು. ಕೆಲವರು ಮಗ್ಗದ ಮುಂದೆ ಕುಳಿತರೆ ಕೆಲವರು ಹೊಲಕ್ಕೆ ಹೋಗುತ್ತಿದ್ದರು. ಎಣ್ಣೆಗಾಣ, ಹಾಲಿನ ಕೊಟ್ಟಿಗೆ, ಹೊಲಿಗೆ, ಬಟ್ಟೆ ಒಗೆಯುವ ಕೆಲಸ, ಮುದ್ರಣಾಲಯ, ಎಲ್ಲವನ್ನೂ ಹೆಂಗಸರೇ ನಡೆಸುತ್ತಿದ್ದರು. ಮೊದಲು ಬಂದವರು ಅನಂತರ ಬಂದವರನ್ನು ನೋಡಿಕೊಳ್ಳುತ್ತಿದ್ದರು. ನಿನ್ನೆ ತಾನು ಇನ್ನೊಬ್ಬರ ಕೈಯಿಂದ ಗಂಜಿಯನ್ನು ಕುಡಿದವಳು ಇಂದು ತನಗಿಂತ ಎಳೆಯಳಿಗೆ ಗಂಜಿಯನ್ನು ಕುಡಿಸಬೇಕು. ಇದೇ ಅಲ್ಲಿನ ಧರ್ಮಪಾಠವಾಗಿತ್ತು. ಲೋಕದ ತಿರಸ್ಕಾರಕ್ಕೆ ಒಳಗಾದ ಹೆಂಗಸರಿಗೆ ಕೃಪಾ ಸದನವೂ, ವೃದ್ಧೆಯರಿಗೆ ಪ್ರೀತಿ ಸದನವೂ ತೆರೆದವು. ಕಣ್ಣಿಲ್ಲದವರಿಗೆ ಮನೋರಮಾ ಬ್ರೈಲ್ ಲಿಪಿಯಲ್ಲಿ ಓದುಬರಹವನ್ನು ಕಲಿಸಿದರು. ಲಂಡನ್ನಿನ ಆ ಮನೆಯಲ್ಲಿ ಕಂಡ ಕರುಣೆ ಕೇಡಗಾಂವಿನ ಮಣ್ಣಿನಲ್ಲಿ ಬೇರೂರಿ ನೂರು ಕೊಂಬೆಗಳಾಗಿ ಹರಡಿತು.

ಆ ಹೆಂಗಸರ ನಡುವೆಯೇ ಒಂದು ಕ್ರೈಸ್ತಸಭೆ ಬೆಳೆಯಿತು. ಅವರಿಗಾಗಿ ವಿಶಾಲವಾದ ಪ್ರಾರ್ಥನಾಮಂದಿರವನ್ನು ಕಟ್ಟಲಾಯಿತು. ರಮಾಬಾಯಿ ತಮ್ಮ ಸಭೆಯನ್ನು ಯಾವುದೇ ಒಂದು ಪಂಗಡಕ್ಕೆ ಸೇರಿಸಲಿಲ್ಲ. ಬೇರೆ ಬೇರೆ ಪಂಗಡಗಳವರೂ ಬೇರೆ ಬೇರೆ ದೇಶಗಳವರೂ ಬಂದು ಅಲ್ಲಿ ಕೂಡಿ ದುಡಿದರು. ಅಮೆರಿಕೆಯ ಸಂಘ ಒಪ್ಪಿದ್ದ ಹತ್ತು ವರ್ಷಗಳ ಅವಧಿ 1898ರಲ್ಲಿ ಮುಗಿದ ಮೇಲೆ ಸಂಸ್ಥೆಗೆ ನಿಶ್ಚಿತವಾದ ವರಮಾನವಿರಲಿಲ್ಲ. ದೇವರಲ್ಲಿ ನಂಬಿಕೆಯಿಟ್ಟು, ದಾನಿಗಳಿಂದ ಬಂದುದನ್ನು ಹಿತಮಿತವಾಗಿ ಬಳಸಿ ರಮಾಬಾಯಿ ಆ ದೊಡ್ಡ ಸಂಸಾರವನ್ನು ಸಾಕಿದರು. ಬಿಳಿಯ ಸೀರೆಯನ್ನುಟ್ಟು, ಕತ್ತರಿಸಿದ ಕೂದಲಿನ ಆ ಸಣ್ಣ ಆಕೃತಿ ಹೊಲದಲ್ಲಿಯೂ ಮುದ್ರಣಾಲಯದಲ್ಲಿಯೂ ಮಂದಿರದಲ್ಲಿಯೂ ಒಂದೇ ರೀತಿಯಾಗಿ ಕಾಣಿಸುತ್ತಿತ್ತು.

ತಮ್ಮ ಬಾಳಿನ ಕೊನೆಯ ಹದಿನೈದಕ್ಕೂ ಹೆಚ್ಚು ವರ್ಷಗಳನ್ನು ರಮಾಬಾಯಿ ಇನ್ನೊಂದು ಮಹತ್ಕಾರ್ಯಕ್ಕೆ ಮೀಸಲಿಟ್ಟರು. ಆಗ ಬಳಕೆಯಲ್ಲಿದ್ದ ಮರಾಠಿ ಬೈಬಲಿನ ಭಾಷೆ ಹಳ್ಳಿಯ ಹೆಂಗಸರಿಗೆ ಕಷ್ಟವಾಗಿತ್ತು. ಅವರಿಗೆ ತಿಳಿಯುವ ಸರಳವಾದ ಮಾತಿನಲ್ಲಿ ಅದನ್ನು ಅನುವಾದಿಸಬೇಕೆಂದು ಅವರು ನಿಶ್ಚಯಿಸಿದರು. ಇದಕ್ಕಾಗಿ ತುಂಬಿದ ವಯಸ್ಸಿನಲ್ಲಿ ಹೀಬ್ರೂ ಮತ್ತು ಗ್ರೀಕ್ ಭಾಷೆಗಳನ್ನು ಕಲಿತರು. ಸಂಸ್ಕೃತದ ಪಾಂಡಿತ್ಯದಿಂದ ವಿದ್ವಾಂಸರನ್ನು ಬೆರಗುಗೊಳಿಸಿದ್ದವರು ಈಗ ಅಕ್ಷರವನ್ನು ಆಗತಾನೆ ಕಲಿತವರಿಗಾಗಿ ಎಳೆ ಎಳೆಯಾಗಿ ಮಾತುಗಳನ್ನು ಹುಡುಕಿದರು. ಅದರ ಅಚ್ಚುಮೊಳೆಗಳನ್ನು ಜೋಡಿಸಿದವರೂ ಹಾಳೆಗಳನ್ನು ಮುದ್ರಿಸಿದವರೂ ಮುಕ್ತಿಯ ಹೆಣ್ಣುಮಕ್ಕಳೇ.

ಕರ್ನಾಟಕದೊಡನೆ ಅವರ ನಂಟು ಗಂಗಾಮೂಲದಲ್ಲಿಯೇ ಮುಗಿಯಲಿಲ್ಲ. 1912ರಲ್ಲಿ, ಅಂದು ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದ ಗುಲ್ಬರ್ಗದಲ್ಲಿ ತಾಯಿ ಮಗಳು ಶಾಲೆಯೊಂದನ್ನು ಆರಂಭಿಸಿದರು. ಮನೋರಮಾ ಅದರ ಮುಖ್ಯೋಪಾಧ್ಯಾಯಿನಿಯಾದರು. ಆ ನಗರವನ್ನು ಇಂದು ಕಲಬುರಗಿ ಎಂದು ಕರೆಯುತ್ತಾರೆ.

1919ರಲ್ಲಿ ಸರಕಾರ ರಮಾಬಾಯಿಯವರಿಗೆ ಕೈಸರ್-ಇ-ಹಿಂದ್ ಪದಕವನ್ನು ನೀಡಿತು. ಎರಡು ವರ್ಷಗಳಲ್ಲಿ ಅವರಿಗೆ ಅತ್ಯಂತ ದಾರುಣವಾದ ಪೆಟ್ಟು ಬಿದ್ದಿತು. ತಮ್ಮ ಕಾರ್ಯದ ಉತ್ತರಾಧಿಕಾರಿಣಿಯೆಂದು ನಂಬಿದ್ದ ಮನೋರಮಾ 1921ರ ಜುಲೈ ತಿಂಗಳಿನಲ್ಲಿ ತೀರಿಕೊಂಡರು. ಮುಪ್ಪಿನಲ್ಲಿ ಏಕಾಕಿಯಾದ ತಾಯಿ ಮೇಜಿನ ಮುಂದೆ ಕುಳಿತು ಬೈಬಲಿನ ಕರಡಚ್ಚುಗಳನ್ನು ತಿದ್ದುವ ಕಾರ್ಯವನ್ನು ಬಿಡಲಿಲ್ಲ. ಅದನ್ನು ಮುಗಿಸಿದ ಬಳಿಕ, 1922ರ ಏಪ್ರಿಲ್ 5ರಂದು ಅವರು ಇಹಲೋಕವನ್ನು ತ್ಯಜಿಸಿದರು. ಅವರ ಅನುವಾದ 1924ರಲ್ಲಿ ಪೂರ್ಣರೂಪದಲ್ಲಿ ಹೊರಬಂದಿತು. 1989ರಲ್ಲಿ ಭಾರತ ಸರಕಾರ ಅವರ ನೆನಪಿಗಾಗಿ ಅಂಚೆಚೀಟಿಯನ್ನು ಹೊರತಂದಿತು.

ರಮಾಬಾಯಿಯವರನ್ನು ಅವರ ಕಾಲದ ಎಲ್ಲರೂ ಮೆಚ್ಚಲಿಲ್ಲ. ಧರ್ಮಾಂತರ ಹೊಂದಿದರೆಂದು ಸ್ವದೇಶದವರಲ್ಲಿ ಅನೇಕರು ದೂರವಾದರು. ಹೇಳಿದಂತೆ ಕೇಳುವುದಿಲ್ಲವೆಂದು ಚರ್ಚಿನ ಹಿರಿಯರು ಅಸಮಾಧಾನಗೊಂಡರು. ಎರಡು ಕಡೆಯ ನಿಷ್ಠುರದ ನಡುವೆಯೂ ಅವರು ಕಹಿಯಾಗಲಿಲ್ಲ. ನಂಬಿಕೆಯ ಸತ್ಯವನ್ನು ವಾದದಲ್ಲಿ ಗೆದ್ದು ತೋರಿಸುವುದಕ್ಕಿಂತ, ಹಸಿದವಳಿಗೆ ಅನ್ನವನ್ನೂ, ಕೈಬಿಟ್ಟವಳಿಗೆ ಕಸುಬನ್ನೂ, ಅಕ್ಷರವಿಲ್ಲದವಳಿಗೆ ಓದನ್ನೂ ಕೊಟ್ಟು ತೋರಿಸುವುದು ಮೇಲೆಂದು ಅವರು ಬಗೆದರು. ತಾಯಿಯ ಶವಕ್ಕೆ ಹೆಗಲು ಕೊಡುವವರಿಲ್ಲದ ದಿನವನ್ನು ಕಂಡ ಹುಡುಗಿ, ಸಾವಿರಾರು ಹೆಣ್ಣುಮಕ್ಕಳ ಬದುಕಿಗೆ ಹೆಗಲು ಕೊಟ್ಟಳು. ಧರ್ಮವು ದಿನದಿನದ ಬಾಳಿನಲ್ಲಿ ಕೆಲಸವಾಗಿ ಮೂಡಬೇಕೆಂಬುದಕ್ಕೆ ಅವರ ಜೀವನವೇ ಉಜ್ವಲವಾದ ನಿದರ್ಶನವಾಗಿದೆ.